ಸಿಂಧುತ್ವ: ಕೃತ್ಯಕ್ಕೆ ಹೇಳುವ ಮಾತು, ಮನುಷ್ಯನಿಗಲ್ಲ

ಪಂಡಿತರ ಗ್ರಂಥಗಳಲ್ಲಿ ಶತಮಾನಗಳ ಕಾಲ ಗಂಭೀರವಾಗಿ ಬಾಳಿದ ಕೆಲವು ಪದಗಳು ಯಾರೂ ನಿರೀಕ್ಷಿಸದ ದಾರಿಯಿಂದ ಹಳ್ಳಿಯ ಕಟ್ಟೆಗೆ ಬಂದು ಕುಳಿತುಬಿಡುತ್ತವೆ. ‘ವ್ಯಾಲಿಡಿಟಿ’ ಅಂಥ ಪದಗಳಲ್ಲೊಂದು. ತರ್ಕಶಾಸ್ತ್ರಕ್ಕೂ ನ್ಯಾಯಶಾಸ್ತ್ರಕ್ಕೂ ಸೇರಿದ ಈ ಇಂಗ್ಲಿಷ್ ನಾಮಪದವನ್ನು ರಾಯಬಾಗ ತಾಲೂಕಿನ ಅಲಖನೂರದಂತಹ ಊರಿನಲ್ಲಿ ಇಂದು ಶಾಲೆಯ ಮೆಟ್ಟಿಲು ಹತ್ತದವರೂ ಸಲೀಸಾಗಿ ಬಳಸುತ್ತಾರೆ. ಮೊಬೈಲಿಗೆ ಹಾಕಿಸಿದ 28 ದಿನಗಳ ರೀಚಾರ್ಜ್ ತೀರಿದರೆ ‘ವ್ಯಾಲಿಡಿಟಿ ಮುಗದೈತಿ’ ಎನ್ನುತ್ತಾರೆ. ಇದೇ ಪದ ಸರಕಾರಿ ಕಚೇರಿಯೊಳಗೆ ‘ಸಿಂಧುತ್ವ’ ಎಂಬ ಕನ್ನಡ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಜಾತಿ ಪ್ರಮಾಣಪತ್ರಕ್ಕೆ ಸಿಂಧುತ್ವ, ಮತಪತ್ರಕ್ಕೆ ಸಿಂಧುತ್ವ, ಕರಾರಿಗೆ ಸಿಂಧುತ್ವ, ಮದುವೆಗೆ ಸಿಂಧುತ್ವ. ಹೀಗೆ ಎಲ್ಲೆಡೆ ಕೇಳಿಬರುವ ಈ ಮಾತಿನ ಅರ್ಥವೇನು, ಅದನ್ನು ಯಾವುದಕ್ಕೆ ಹೇಳಬೇಕು, ಯಾವುದಕ್ಕೆ ಹೇಳಬಾರದು ಎಂಬುದನ್ನು ತುಸು ನಿಧಾನವಾಗಿ ಚಿಂತಿಸುವುದು ಈ ಲೇಖನದ ಉದ್ದೇಶ. ಇದು ಕೇವಲ ಭಾಷೆಯ ಪ್ರಶ್ನೆಯೆಂದು ಯಾರೂ ಭಾವಿಸಬಾರದು. ಒಂದು ಪದವನ್ನು ಅದು ಸಲ್ಲದ ಕಡೆ ಬಳಸಿದ್ದರಿಂದ ನಮ್ಮ ಸೀಮೆಯಲ್ಲಿಯೇ ಎಷ್ಟೋ ಜೀವಗಳು ತಲೆತಗ್ಗಿಸಿ ಬಾಳಬೇಕಾಗಿದೆ.

ಪದದೊಳಗಿನ ಬಲ

ಇಂಗ್ಲಿಷಿನ ‘ವ್ಯಾಲಿಡ್’ ಎಂಬುದು ಲತೀನಿನ ‘ವಾಲಿದುಸ್’ ಎಂಬ ಮಾತಿನಿಂದ ಬಂದಿದೆ. ಬಲವುಳ್ಳದ್ದು, ಗಟ್ಟಿಮುಟ್ಟಾದದ್ದು ಎಂದು ಅದರ ಅರ್ಥ. ರೋಮನ್ನರು ಪರಸ್ಪರ ಬೀಳ್ಕೊಡುವಾಗ ಹೇಳುತ್ತಿದ್ದ ‘ವಾಲೆ’ ಎಂಬ ಮಾತೂ ಇದೇ ಧಾತುವಿನದು. ಆರೋಗ್ಯವಾಗಿರು ಎಂಬ ಹಾರೈಕೆ ಅದು. ಸ್ವಾರಸ್ಯವೆಂದರೆ ನಮ್ಮ ನ್ಯಾಯಾಲಯಗಳ ಕನ್ನಡದಲ್ಲಿ ಬಳಕೆಯಲ್ಲಿರುವ ‘ಊರ್ಜಿತ’ ಎಂಬ ಶಬ್ದವೂ ಇದೇ ಭಾವನೆಯದು. ‘ಊರ್ಜ’ ಎಂದರೆ ಸಂಸ್ಕೃತದಲ್ಲಿ ಶಕ್ತಿ. ಶಾಸನವೊಂದು ಊರ್ಜಿತವೆಂದರೆ ಅದಕ್ಕೆ ನಿಲ್ಲುವ ಶಕ್ತಿಯಿದೆ ಎಂದರ್ಥ; ಅನೂರ್ಜಿತವೆಂದರೆ ಅಕ್ಷರಗಳು ಕಾಗದದ ಮೇಲೆ ಇದ್ದರೂ ಅವುಗಳಲ್ಲಿ ಬಲವಿಲ್ಲ.

ಆದ್ದರಿಂದ ಸಿಂಧುತ್ವವೆಂದರೆ, ಒಂದು ಕೃತ್ಯವು ತಾನು ಮಾಡಹೊರಟದ್ದನ್ನು ನಿಜವಾಗಿ ಮಾಡಬಲ್ಲ ಶಕ್ತಿ ಎನ್ನಬಹುದು. ಸಹಿಯಿಲ್ಲದ ಖರೀದಿಪತ್ರ ಜಮೀನನ್ನು ವರ್ಗಾಯಿಸಲಾರದು. ಗುರುತು ತಪ್ಪಿದ ಮತಪತ್ರ ಯಾರನ್ನೂ ಆರಿಸಲಾರದು. ಪತ್ರ ಕಣ್ಣೆದುರಿಗಿದೆ, ಮತವೂ ಪೆಟ್ಟಿಗೆಯಲ್ಲಿ ಬಿದ್ದಿದೆ. ಆದರೆ ನಡೆಯಬೇಕಾದದ್ದು ನಡೆದಿಲ್ಲ.

ಸಿಂಧುವಾದದ್ದೆಲ್ಲ ಸತ್ಯವೇ? ಸಿಂಧುವಾದದ್ದೆಲ್ಲ ಒಳ್ಳೆಯದೇ? ಎರಡೂ ಅಲ್ಲ. ತರ್ಕಶಾಸ್ತ್ರ ಇದನ್ನು ಚೆನ್ನಾಗಿ ವಿವರಿಸುತ್ತದೆ. ‘ದಾಖಲೆಯಲ್ಲಿ ತಂದೆಯ ಹೆಸರಿಲ್ಲದವರಿಗೆ ಮಾನವಿಲ್ಲ, ಈ ಮಗುವಿನ ದಾಖಲೆಯಲ್ಲಿ ತಂದೆಯ ಹೆಸರಿಲ್ಲ, ಆದ್ದರಿಂದ ಈ ಮಗುವಿಗೆ ಮಾನವಿಲ್ಲ.’ ಈ ವಾದದ ಕಟ್ಟಡದಲ್ಲಿ ದೋಷವಿಲ್ಲ. ಮೊದಲ ಎರಡು ಮಾತುಗಳನ್ನು ಒಪ್ಪಿದವರು ಮೂರನೆಯದನ್ನು ಒಪ್ಪಲೇಬೇಕು. ಆ ಮಟ್ಟಿಗೆ ಅದು ಸಿಂಧು. ಆದರೆ ಮೊದಲನೆಯ ಮಾತೇ ಸುಳ್ಳಾದ್ದರಿಂದ ವಾದ ಸಾಧುವಲ್ಲ. ತರ್ಕವನ್ನು ಕಲಿಯದವರು ಸಾಮಾನ್ಯವಾಗಿ ಕೊನೆಯ ಮಾತಿನೊಂದಿಗೆ ಜಗಳಕ್ಕೆ ನಿಲ್ಲುತ್ತಾರೆ. ಕಲಿತವರು ಮೊದಲನೆಯ ಮಾತಿನ ಕಡೆಗೆ ಕಣ್ಣು ಹಾಯಿಸುತ್ತಾರೆ. ಸಮಾಜದ ಅನೇಕ ಅನ್ಯಾಯಗಳು ಹೀಗೆಯೇ ನಿರ್ದೋಷವಾದ ಕಟ್ಟಡದೊಳಗೆ, ಯಾರೂ ಪರೀಕ್ಷಿಸದ ಮೊದಲ ಮಾತಿನ ಆಸರೆಯಲ್ಲಿ, ನೆಮ್ಮದಿಯಿಂದ ವಾಸಿಸುತ್ತವೆ.

ನಿಯಮ ಯಾರ ರಕ್ಷಣೆಗೆ?

ಹಾಗಾದರೆ ಈ ನಿಯಮ, ನಮೂನೆ, ಸಾಕ್ಷಿ, ಸಹಿಗಳೆಲ್ಲ ವ್ಯರ್ಥವೇ? ಖಂಡಿತ ಅಲ್ಲ. ಅವುಗಳ ಮೂಲವನ್ನು ಶೋಧಿಸಿದರೆ ಬಲಹೀನರನ್ನು ಕಾಯುವ ಉದ್ದೇಶವೇ ಹಲವು ಕಡೆ ಕಾಣುತ್ತದೆ. ಧರ್ಮಸಭೆಯ ಇತಿಹಾಸದಿಂದ ಎರಡು ನಿದರ್ಶನಗಳನ್ನು ಗಮನಿಸಬಹುದು.

ನಾಲ್ಕನೆಯ ಶತಮಾನದಲ್ಲಿ ಉತ್ತರ ಆಫ್ರಿಕದಲ್ಲಿ ದೊನಾತಿಸ್ತರು ಎಂಬ ಪಂಗಡವೊಂದು ತಲೆಯೆತ್ತಿತು. ಚಕ್ರವರ್ತಿಯ ಹಿಂಸೆಗೆ ಹೆದರಿ ಪವಿತ್ರ ಗ್ರಂಥಗಳನ್ನು ಒಪ್ಪಿಸಿಬಿಟ್ಟ ಗುರುಗಳು ನೀಡಿದ ಸಂಸ್ಕಾರಗಳು ಅಸಿಂಧು ಎಂದು ಅವರು ವಾದಿಸಿದರು. ಸಂತ ಅಗಸ್ಟೀನರು ಇದನ್ನು ಬಲವಾಗಿ ವಿರೋಧಿಸಿದರು. ದೀಕ್ಷಾಸ್ನಾನ ನೀಡುವವನು ನಿಜವಾಗಿ ಕ್ರಿಸ್ತನೇ ಆದ್ದರಿಂದ, ಗುರುವಿನ ದೋಷ ಸಂಸ್ಕಾರದ ಬಲವನ್ನು ಕಸಿದುಕೊಳ್ಳಲಾರದು ಎಂಬುದು ಅವರ ನಿಲುವಾಗಿತ್ತು. ಇದು ಗುರುಗಳಿಗೆ ಕೊಟ್ಟ ವಿನಾಯಿತಿಯೆಂದು ಕೆಲವರು ತಪ್ಪು ತಿಳಿಯುವುದುಂಟು. ವಾಸ್ತವವಾಗಿ ಅದು ಭಕ್ತರಿಗೆ ಕೊಟ್ಟ ಅಭಯ. ಮಗುವನ್ನು ಎತ್ತಿಕೊಂಡು ದೇವಾಲಯಕ್ಕೆ ಬಂದ ಬಡ ತಾಯಿ ಗುರುವಿನ ಅಂತರಂಗವನ್ನು ಪರೀಕ್ಷಿಸಬೇಕಾದ ಅಗತ್ಯವಿಲ್ಲ. ಮಗುವಿನ ಪ್ರಾಣ ಅಪಾಯದಲ್ಲಿದ್ದು ಗುರುಗಳು ಸಿಗದಿದ್ದರೆ, ಸರಕಾರಿ ಆಸ್ಪತ್ರೆಯ ಹಿಂದೂ ಅಥವಾ ಮುಸ್ಲಿಮ್ ದಾದಿಯೂ ಧರ್ಮಸಭೆಯ ಸಂಕಲ್ಪದಂತೆ ನೀರು ಸುರಿದು, ನಿಗದಿತ ಮಾತುಗಳನ್ನು ಹೇಳಿ ದೀಕ್ಷಾಸ್ನಾನ ನೀಡಬಹುದು; ಅದು ಸಿಂಧು.

ಎರಡನೆಯ ನಿದರ್ಶನ ವಿವಾಹದ್ದು. ಮಧ್ಯಯುಗದ ಯೂರೋಪಿನಲ್ಲಿ ಗಂಡು ಹೆಣ್ಣು ಏಕಾಂತದಲ್ಲಿ ಕೊಟ್ಟುಕೊಂಡ ಒಪ್ಪಿಗೆಯೂ ವಿವಾಹವೆನಿಸುತ್ತಿತ್ತು. ನೋಡಲು ಇದು ಉದಾರವಾದ ನಿಯಮ. ಪರಿಣಾಮ ಮಾತ್ರ ಕಠೋರವಾಗಿತ್ತು. ಮನಸ್ಸು ಬದಲಾದ ಗಂಡಸು ‘ನಾನು ಮಾತೇ ಕೊಟ್ಟಿಲ್ಲ’ ಎಂದುಬಿಟ್ಟರೆ ಹೆಣ್ಣಿನ ಬಳಿ ಯಾವ ಪುರಾವೆಯೂ ಇರುತ್ತಿರಲಿಲ್ಲ. 1563ರಲ್ಲಿ ಟ್ರೆಂಟ್ ಮಹಾಸಭೆ ಇದಕ್ಕೆ ಕಡಿವಾಣ ಹಾಕಿ, ಧರ್ಮಕೇಂದ್ರದ ಗುರು ಹಾಗೂ ಎರಡು ಮೂರು ಸಾಕ್ಷಿಗಳ ಎದುರಿನಲ್ಲಿ ನಡೆಯದ ವಿವಾಹ ಅಸಿಂಧು ಎಂದು ವಿಧಿಸಿತು. ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಎಲ್ಲ ಧರ್ಮದವರ ವಿವಾಹಗಳಿಗೂ ನೋಂದಣಿ ಕಡ್ಡಾಯವಾಗಬೇಕೆಂದು ಸೂಚಿಸಿದಾಗಲೂ ಇಂಥದೇ ಕಾಳಜಿ ಅದರ ಹಿಂದಿತ್ತು. ನಿಯಮವನ್ನು ಹೀಗೆ ನೋಡಿದರೆ ಅದು ಹೊಲದ ಬೇಲಿಯಂತೆ. ಬೆಳೆಯನ್ನು ಕಾಯಲು ಬೇಲಿ ಬೇಕು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು?

ಮುತ್ತು ಕಟ್ಟಿದ ಸೀಮೆಯಲ್ಲಿ

ಬೇಲಿ ಹೊಲ ಮೇಯ್ದ ಕಥೆಯನ್ನು ಅರಸಿ ನಾವು ದೂರ ಹೋಗಬೇಕಾಗಿಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡ, ಅಥಣಿ ತಾಲೂಕಿನ ಕೋಕಟನೂರು ನಮ್ಮ ಜಿಲ್ಲೆಯಲ್ಲಿಯೇ ಇವೆ. ಅಥಣಿ, ರಾಯಬಾಗ, ಚಿಕ್ಕೋಡಿಯ ಹಳ್ಳಿಗಳಲ್ಲಿ, ಹೆಚ್ಚಾಗಿ ದಲಿತ ಮನೆತನಗಳಲ್ಲಿ, ಹೆಣ್ಣುಮಗುವಿಗೆ ಮುತ್ತು ಕಟ್ಟಿ ದೇವಿಗೆ ಬಿಡುವ ಪದ್ಧತಿ ತಲೆಮಾರುಗಳ ಕಾಲ ನಡೆದುಬಂದಿತು. ಆ ಕೃತ್ಯಕ್ಕೆ ವಿಧಿಯಿತ್ತು, ಮಂತ್ರವಿತ್ತು, ಹಿರಿಯರ ಸಮ್ಮುಖವಿತ್ತು. ಕೊರಳಿಗೆ ಬಿದ್ದ ಆ ಮಣಿಸರದಿಂದಾಗಿ ಅವಳು ಇನ್ನಾವ ಗಂಡಸನ್ನೂ ಕ್ರಮವಾಗಿ ಮದುವೆಯಾಗುವಂತಿರಲಿಲ್ಲ. ಗಂಡಸರು ಬರಬಹುದಿತ್ತು, ಹೋಗಬಹುದಿತ್ತು. ಅವರ ಮೇಲೆ ಯಾವ ಹೊಣೆಯೂ ಇರುತ್ತಿರಲಿಲ್ಲ. ಸಂಪ್ರದಾಯದ ದೃಷ್ಟಿಯಲ್ಲಿ ಮುತ್ತು ಕಟ್ಟಿದ ಕೃತ್ಯ ಸಂಪೂರ್ಣ ಸಿಂಧು. ಅವಳ ಮುಂದಿನ ಬದುಕೆಲ್ಲ ಅಸಿಂಧು.

ಇದನ್ನು ತಡೆಯುವ ಪ್ರಯತ್ನಗಳೂ ಹಳೆಯವೇ. ರಾಯಬಾಗ ಅಂದು ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿನ ಶಾಹೂ ಮಹಾರಾಜರು 1920ರಲ್ಲಿ ಈ ಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಿದರು. ಅಥಣಿ, ಚಿಕ್ಕೋಡಿಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು. ಮುಂಬಯಿ ಪ್ರಾಂತ್ಯದ ದೇವದಾಸಿ ಸಂರಕ್ಷಣಾ ಕಾಯ್ದೆ ಬಂದದ್ದು 1934ರಲ್ಲಿ. ಬಳಿಕ ಕರ್ನಾಟಕ ರಾಜ್ಯವು 1982ರಲ್ಲಿ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆಯನ್ನು ರೂಪಿಸಿತು. ಈ ಕೊನೆಯ ಕಾಯ್ದೆಯ ಒಂದೆರಡು ವಿಧಿಗಳು ನಮ್ಮ ವಿಷಯಕ್ಕೆ ಬಹು ಮುಖ್ಯವಾದವು. ಹೆಣ್ಣನ್ನು ದೇವದಾಸಿಯಾಗಿ ಸಮರ್ಪಿಸಿದ್ದು ಕಾಯ್ದೆ ಬರುವ ಮೊದಲಾಗಲಿ ಅನಂತರವಾಗಲಿ, ಅವಳು ಒಪ್ಪಿರಲಿ ಒಪ್ಪದಿರಲಿ, ಆ ಸಮರ್ಪಣೆ ಕಾನೂನುಬಾಹಿರ, ಅದಕ್ಕೆ ಯಾವ ಬಲವೂ ಇಲ್ಲ ಎಂದು ಅದು ಘೋಷಿಸಿತು. ಅಷ್ಟಕ್ಕೇ ನಿಲ್ಲದೆ, ಅಂಥ ಹೆಣ್ಣು ಮಾಡಿಕೊಂಡ ಮದುವೆ ಅವಳು ದೇವದಾಸಿಯಾಗಿದ್ದಳೆಂಬ ಒಂದೇ ಕಾರಣಕ್ಕೆ ಅಸಿಂಧುವಾಗದು, ಆ ಮದುವೆಯ ಮಕ್ಕಳು ಅಕ್ರಮ ಸಂತಾನವೆನಿಸರು ಎಂದೂ ಹೇಳಿತು.

ಇಲ್ಲಿ ‘ಅಸಿಂಧು’ ಎಂಬ ಮಾತು ತನ್ನ ಸರಿಯಾದ ಸ್ಥಾನಕ್ಕೆ ಮರಳಿರುವುದನ್ನು ಓದುಗರು ಗಮನಿಸಬೇಕು. ಇಷ್ಟು ಕಾಲ ಅದು ಹೆಣ್ಣಿನ ಹಣೆಯ ಮೇಲಿತ್ತು. ಕಾಯ್ದೆ ಅದನ್ನು ಅಲ್ಲಿಂದ ತೆಗೆದು, ಅವಳಿಗೆ ಮುತ್ತು ಕಟ್ಟಿದ ಕೃತ್ಯದ ಮೇಲಿಟ್ಟಿತು. ಕೃತ್ಯ ಶೂನ್ಯ, ಅವಳು ಶೂನ್ಯಳಲ್ಲ. ಒಂದು ಪದವನ್ನು ಸರಿಯಾದ ಕಡೆ ಬಳಸುವುದೆಂದರೆ ಇದು.

ಕಾನೂನು ಮಾಡಿದಷ್ಟು ಬೇಗ ಮನಸ್ಸುಗಳು ಬದಲಾಗಲಿಲ್ಲವೆಂಬುದೂ ನಿಜ. ಆ ಕೆಲಸವನ್ನು ಹೆಚ್ಚಾಗಿ ಕೈಗೆತ್ತಿಕೊಂಡವರು ಆ ಸಂಕಟವನ್ನು ಉಂಡ ಮಹಿಳೆಯರೇ. ಬಾಲ್ಯದಲ್ಲಿಯೇ ದೇವಿಗೆ ಬಿಡಲ್ಪಟ್ಟಿದ್ದ ನಮ್ಮ ಜಿಲ್ಲೆಯ ಸೀತವ್ವ ಜೋಡಟ್ಟಿಯವರು ಘಟಪ್ರಭೆಯ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯ ಮೂಲಕ ತಮ್ಮಂಥವರ ನಡುವೆ ದುಡಿದು, 2018ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು.

ತಂದೆಯ ಹೆಸರು ಎಂಬ ಅಂಕಣ

ತಾಯಿಯಿಂದ ತೆಗೆದ ಮಾತು ಮಗುವಿನ ಮೇಲೆ ಉಳಿದುಬಿಡುವುದುಂಟು. ‘ಅಕ್ರಮ ಸಂತಾನ’ ಎಂದು ನಾವು ಎಷ್ಟು ಸಹಜವಾಗಿ ಹೇಳಿಬಿಡುತ್ತೇವೆ! ಕ್ರಮ, ಅಕ್ರಮ ಎಂಬುವು ಮಾಡುವ ಕೆಲಸಕ್ಕೆ ಸಲ್ಲುವ ಮಾತುಗಳು. ಮಗು ಏನನ್ನು ಮಾಡಿತು? ಅದು ಹುಟ್ಟಿತು, ಅಷ್ಟೇ. ಹುಟ್ಟುವುದು ಹುಟ್ಟಿದವರ ಕೃತ್ಯವಲ್ಲ. ಮಾಡದ ಕೃತ್ಯವನ್ನು ಕ್ರಮವೆಂದಾಗಲಿ ಅಕ್ರಮವೆಂದಾಗಲಿ ಕರೆಯುವುದು ವ್ಯಾಕರಣದ ತಪ್ಪು ಮಾತ್ರವಲ್ಲ, ನ್ಯಾಯದ ತಪ್ಪೂ ಹೌದು.

ನಮ್ಮ ನ್ಯಾಯಾಲಯಗಳು ನಿಧಾನವಾಗಿ ಈ ವಿವೇಕದತ್ತ ಸಾಗಿವೆ. ಕರ್ನಾಟಕದಿಂದಲೇ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ರೇವಣಸಿದ್ದಪ್ಪ ಮತ್ತು ಮಲ್ಲಿಕಾರ್ಜುನ ಅವರ ನಡುವಣ ಪ್ರಕರಣ ಇದಕ್ಕೆ ಸಾಕ್ಷಿ. ತಂದೆತಾಯಿಗಳ ಸಂಬಂಧವನ್ನು ಕಾನೂನು ಒಪ್ಪದಿರಬಹುದು, ಆದರೆ ಮಗುವಿನ ಜನನವನ್ನು ಆ ಸಂಬಂಧದಿಂದ ಬೇರೆಯಾಗಿಯೇ ನೋಡಬೇಕು ಎಂಬ ಅಭಿಪ್ರಾಯವನ್ನು 2011ರಲ್ಲಿ ನ್ಯಾಯಮೂರ್ತಿಗಳು ವ್ಯಕ್ತಪಡಿಸಿ, ವಿಷಯವನ್ನು ಹಿರಿಯ ಪೀಠಕ್ಕೆ ಒಪ್ಪಿಸಿದರು. 2023ರ ಸೆಪ್ಟೆಂಬರ್‌ನಲ್ಲಿ ಮೂವರ ಪೀಠ ತೀರ್ಪಿತ್ತಿತು. ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಅಸಿಂಧುವಾದ ವಿವಾಹದಿಂದ ಹುಟ್ಟಿದ ಮಕ್ಕಳಿಗೆ ತಂದೆತಾಯಿಗಳ ಸ್ವಂತ ಆಸ್ತಿಯಲ್ಲಿ ಮಾತ್ರವಲ್ಲ, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆಗೆ ಬರಬೇಕಾದ ಪಾಲಿನಲ್ಲಿಯೂ ಹಕ್ಕಿದೆ ಎಂದು ಅದು ಹೇಳಿತು. ಇದಕ್ಕೂ ಮೊದಲು, 2015ರಲ್ಲಿ, ಅವಿವಾಹಿತ ಕ್ರೈಸ್ತ ತಾಯಿಯೊಬ್ಬರು ತಮ್ಮ ಮಗನ ಪಾಲಕತ್ವಕ್ಕಾಗಿ ಸಲ್ಲಿಸಿದ್ದ ಮನವಿಯಲ್ಲಿ, ತಂದೆಯ ಹೆಸರನ್ನು ಬಹಿರಂಗಪಡಿಸುವಂತೆ ಅವರನ್ನು ಒತ್ತಾಯಿಸಲಾಗದು ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತ್ತು.

ಧರ್ಮಸಭೆಯೂ ಈ ದಾರಿಯನ್ನು ಒಮ್ಮೆಗೇ ಕ್ರಮಿಸಲಿಲ್ಲವೆಂದು ಒಪ್ಪಿಕೊಳ್ಳುವುದು ಪ್ರಾಮಾಣಿಕತೆ. 1917ರ ಧರ್ಮಸಭಾ ಕಾನೂನು ಸಂಹಿತೆಯು, ಕ್ರಮಬದ್ಧ ವಿವಾಹದಲ್ಲಿ ಹುಟ್ಟಿದವರನ್ನಷ್ಟೇ ಗುರುಮಠಕ್ಕೆ ಸೇರಿಸಿಕೊಳ್ಳಬೇಕೆಂದು ವಿಧಿಸಿತ್ತು. ಹುಟ್ಟಿನ ಈ ‘ದೋಷ’ ಗುರುದೀಕ್ಷೆಗೆ ಅಡ್ಡಿಯೆಂದು ಪರಿಗಣಿತವಾಗಿತ್ತು. ವಿಶೇಷ ಅನುಮತಿಯಿಂದ ಅದು ತೊಲಗುತ್ತಿತ್ತು. 1983ರ ಸಂಹಿತೆಯಲ್ಲಿ ಆ ಅಡ್ಡಿ ಇಲ್ಲ. ದೀಕ್ಷಾಸ್ನಾನದ ದಾಖಲೆ ಪುಸ್ತಕದ ವಿಷಯದಲ್ಲಿಯೂ, ಅವಿವಾಹಿತ ತಾಯಿಯ ಮಗುವಿನ ತಂದೆ ಯಾರೆಂಬುದು ರುಜುವಾತಾಗದಿದ್ದರೆ ಆ ಹೆಸರಿಲ್ಲದೆಯೇ ಮಗುವನ್ನು ನೋಂದಾಯಿಸಬೇಕೆಂದು ಅದರ 877ನೆಯ ವಿಧಿ ಹೇಳುತ್ತದೆ. ಅಂಕಣ ಖಾಲಿಯಿದ್ದರೂ ಸಂಸ್ಕಾರ ಪೂರ್ಣವೇ.

ಸತ್ಯಕಾಮ ಮತ್ತು ಯೆಪ್ತಾಹ

ಈ ಪ್ರಶ್ನೆ ನಮ್ಮ ಕಾಲದ್ದು ಮಾತ್ರವಲ್ಲ. ಛಾಂದೋಗ್ಯ ಉಪನಿಷತ್ತಿನ ಸತ್ಯಕಾಮನ ಕಥೆ ಕನ್ನಡಿಗರಿಗೆ ಪರಿಚಿತ. ವಿದ್ಯೆಗಾಗಿ ಹೊರಟ ಬಾಲಕ ತನ್ನ ಗೋತ್ರ ಯಾವುದೆಂದು ತಾಯಿಯನ್ನು ಕೇಳುತ್ತಾನೆ. ಯೌವನದಲ್ಲಿ ಹಲವು ಕಡೆ ಸೇವೆ ಮಾಡಿಕೊಂಡಿದ್ದಾಗ ನಿನ್ನನ್ನು ಪಡೆದೆ, ಗೋತ್ರ ತಿಳಿಯದು, ನನ್ನ ಹೆಸರು ಜಬಾಲೆ, ನೀನು ಸತ್ಯಕಾಮ ಜಾಬಾಲನೆಂದು ಹೇಳಿಕೋ ಎನ್ನುತ್ತಾಳೆ ತಾಯಿ. ಬಾಲಕ ಗುರು ಗೌತಮನ ಮುಂದೆ ಅದನ್ನೇ ಹೇಳುತ್ತಾನೆ. ಗುರು ಅವನನ್ನು ಸ್ವೀಕರಿಸುತ್ತಾನೆ. ಆದರೆ ಇಂಥ ಸತ್ಯವನ್ನು ಬ್ರಾಹ್ಮಣನಲ್ಲದವನು ಹೇಳಲಾರನು ಎಂಬ ಕಾರಣವನ್ನು ಕೊಟ್ಟು ಸ್ವೀಕರಿಸುತ್ತಾನೆ ಎಂಬುದನ್ನೂ ನಾವು ಓದಬೇಕು. ಗುರು ಬಾಗಿಲು ತೆರೆದ. ಬಾಗಿಲಿನ ನಿಯಮವನ್ನು ಪ್ರಶ್ನಿಸಲಿಲ್ಲ. ಸತ್ಯ ನುಡಿಯುವ ಧೈರ್ಯವಿದ್ದ ಒಬ್ಬ ಬಾಲಕ ಒಳಗೆ ಬಂದ. ಅಷ್ಟು ಧೈರ್ಯವಿಲ್ಲದೆ ಹೊರಗೇ ನಿಂತವರ ಕಥೆಯನ್ನು ಯಾರೂ ಬರೆದಿಡಲಿಲ್ಲ.

ಪವಿತ್ರ ಬೈಬಲಿನ ನ್ಯಾಯಸ್ಥಾಪಕರ ಗ್ರಂಥದಲ್ಲಿ ಯೆಪ್ತಾಹನ ವೃತ್ತಾಂತ ಬರುತ್ತದೆ. ಅವನು ವೇಶ್ಯೆಯೊಬ್ಬಳ ಮಗ. ತಂದೆಯ ಧರ್ಮಪತ್ನಿಯ ಮಕ್ಕಳು ದೊಡ್ಡವರಾದ ಮೇಲೆ, ನಮ್ಮ ತಂದೆಯ ಆಸ್ತಿಯಲ್ಲಿ ನಿನಗೆ ಪಾಲಿಲ್ಲವೆಂದು ಅವನನ್ನು ಹೊರದೂಡುತ್ತಾರೆ. ಮುಂದೆ ಶತ್ರುಗಳು ಏರಿಬಂದಾಗ ಅದೇ ಊರಿನ ಹಿರಿಯರು ಅವನನ್ನು ಹುಡುಕಿಕೊಂಡು ಹೋಗಿ ನಾಯಕತ್ವ ವಹಿಸೆಂದು ಬೇಡುತ್ತಾರೆ. ನೀವೇ ಅಲ್ಲವೇ ನನ್ನನ್ನು ದ್ವೇಷಿಸಿ ಹೊರಹಾಕಿದವರು, ಎಂದು ಅವನು ಕೇಳುತ್ತಾನೆ. ಆಸ್ತಿ ಹಂಚುವಾಗ ಅಸಿಂಧುವಾಗಿದ್ದವನು ಆಪತ್ತಿನ ವೇಳೆಗೆ ಸಿಂಧುವಾದದ್ದು ಹೇಗೆ? ಅವನು ಬದಲಾಗಿರಲಿಲ್ಲ, ಊರವರ ಅಗತ್ಯ ಬದಲಾಗಿತ್ತು. ಮನುಷ್ಯನ ಮೇಲೆ ಈ ಪದವನ್ನು ಹಚ್ಚುವವರು ಯಾವ ಅಳತೆಗೋಲನ್ನು ಹಿಡಿದಿರುತ್ತಾರೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮತ್ತಾಯನ ಶುಭಸಂದೇಶ ಯೇಸುಸ್ವಾಮಿಯ ವಂಶಾವಳಿಯಲ್ಲಿ ತಾಮಾರಳನ್ನೂ ರಾಹಾಬಳನ್ನೂ ಊರಿಯನ ಹೆಂಡತಿಯನ್ನೂ ಸ್ಮರಿಸುವುದು ಆಕಸ್ಮಿಕವಲ್ಲ. ವಂಶದ ಸಿಂಧುತ್ವವನ್ನು ಸಾಧಿಸಹೊರಟ ಬೇರೆ ಯಾವ ಲೇಖಕನೂ ಆ ಹೆಸರುಗಳನ್ನು ಮೊದಲು ಕೈಬಿಡುತ್ತಿದ್ದನು.

ಒಂದು ಆಕ್ಷೇಪಣೆ

ಹೀಗೆಂದರೆ ಕ್ರಮಬದ್ಧ ವಿವಾಹದ ಘನತೆ ಕುಗ್ಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಗಂಡ ಎರಡನೆಯ ಸಂಸಾರ ಹೂಡಿದಾಗ ಮೊದಲ ಹೆಂಡತಿ ಪಡುವ ನೋವು ಸಣ್ಣದಲ್ಲ. ವಾರಸಾ ನೋಂದಣಿಯ ವೇಳೆ ಗೊತ್ತೇ ಇರದ ಹೆಸರುಗಳು ಎದುರಿಗೆ ಬಂದು ನಿಂತಾಗ ಅವಳ ಮಕ್ಕಳಿಗಾಗುವ ಆಘಾತವೂ ಸುಳ್ಳಲ್ಲ. ಆದ್ದರಿಂದಲೇ ಎರಡನೆಯ ವಿವಾಹವನ್ನು ಅಸಿಂಧುವೆನ್ನುವ ನಿಯಮ ಇರಲೇಬೇಕು. ಅದು ಅವಳ ರಕ್ಷಣೆಯ ಬೇಲಿ. 2023ರ ತೀರ್ಪು ಈ ಬೇಲಿಯನ್ನು ಕಿತ್ತಿಲ್ಲ. ಅಂಥ ವಿವಾಹವನ್ನು ಅದು ಸಿಂಧುವೆನ್ನಲಿಲ್ಲ, ಇತರ ಬಂಧುಗಳ ಆಸ್ತಿಯಲ್ಲಿ ಆ ಮಕ್ಕಳಿಗೆ ಪಾಲಿದೆಯೆಂದೂ ಹೇಳಲಿಲ್ಲ. ತಪ್ಪಿನ ಭಾರ ತಪ್ಪು ಮಾಡಿದವನ ಪಾಲಿನಿಂದಲೇ ಸಲ್ಲಬೇಕೆಂಬ ಸಮತೋಲನ ಅಲ್ಲಿದೆ. ಕೃತ್ಯವನ್ನು ಅಸಿಂಧುವೆನ್ನಲು ನಮಗೆ ಧೈರ್ಯ ಬೇಕು. ಆ ಕೃತ್ಯದಲ್ಲಿ ಪಾಲುಗೊಳ್ಳದವರನ್ನು ಹಾಗೆನ್ನದಿರಲು ವಿವೇಕ ಬೇಕು. ಒಂದಿದ್ದು ಇನ್ನೊಂದಿಲ್ಲದಿದ್ದರೆ ನ್ಯಾಯ ಕುಂಟುತ್ತದೆ.

ಪದವನ್ನು ಬಳಸುವ ಮುನ್ನ

ಆದಕಾರಣ ‘ಸಿಂಧು’, ‘ಅಸಿಂಧು’ ಎಂಬ ಮಾತು ನಮ್ಮ ನಾಲಿಗೆಗೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಲೇಸು. ಇದನ್ನು ಯಾವುದರ ಬಗ್ಗೆ ಹೇಳುತ್ತಿದ್ದೇನೆ: ಕೃತ್ಯದ ಬಗ್ಗೆಯೋ, ಪತ್ರದ ಬಗ್ಗೆಯೋ, ವಾದದ ಬಗ್ಗೆಯೋ, ಅಥವಾ ಮನುಷ್ಯನ ಬಗ್ಗೆಯೋ? ಯಾವ ನಿಯಮದ ಆಧಾರದ ಮೇಲೆ ಹೇಳುತ್ತಿದ್ದೇನೆ, ಆ ನಿಯಮದ ಮೊದಲ ಮಾತು ಸತ್ಯವೇ? ಈ ನಿಯಮದಿಂದ ರಕ್ಷಣೆ ಸಿಗುವುದು ಯಾರಿಗೆ: ಬಲಹೀನರಿಗೋ, ಈಗಾಗಲೇ ಬಲವುಳ್ಳವರಿಗೋ?

ಮೊದಲನೆಯ ಪ್ರಶ್ನೆಗೆ ‘ಮನುಷ್ಯನ ಬಗ್ಗೆ’ ಎಂಬ ಉತ್ತರ ಬಂದರೆ ಅಲ್ಲಿಯೇ ನಿಲ್ಲಿಸಬೇಕು. ಮುಂದಿನ ಪ್ರಶ್ನೆಗಳ ಅಗತ್ಯವಿಲ್ಲ. ರೀಚಾರ್ಜಿಗೆ ಅವಧಿಯಿದೆ, ಪ್ರಮಾಣಪತ್ರಕ್ಕೆ ಅವಧಿಯಿದೆ. ಮನುಷ್ಯನ ಘನತೆಯನ್ನು ಯಾವ ಕಚೇರಿಯೂ ಮಂಜೂರು ಮಾಡಿಲ್ಲ. ಆದ್ದರಿಂದ ರದ್ದುಪಡಿಸುವ ಅಧಿಕಾರವೂ ಯಾವ ಕಚೇರಿಗೂ ಇಲ್ಲ. ಇದನ್ನು ದಿನದ ಕೆಲಸದಲ್ಲಿ ಪಾಲಿಸುವ ಅವಕಾಶ ಶಾಲೆಯ ಮಾಸ್ತರರಿಗೆ, ಪಂಚಾಯಿತಿಯ ಕಾರಕೂನರಿಗೆ, ಧರ್ಮಕೇಂದ್ರದ ಗುರುಗಳಿಗೆ, ಹೆಣ್ಣು ಗಂಡು ನೋಡಲು ಹೋಗುವ ಹಿರಿಯರಿಗೆ ಮೇಲಿಂದ ಮೇಲೆ ಒದಗುತ್ತದೆ. ಜೂನ್ ತಿಂಗಳಲ್ಲಿ ಮಗುವಿನ ಕೈಹಿಡಿದು ತಾಯಿಯೊಬ್ಬಳು ಶಾಲೆಯ ಮೇಜಿನ ಮುಂದೆ ನಿಂತಾಗ, ತಂದೆಯ ಹೆಸರೇನೆಂದು ಎಲ್ಲರೆದುರು ಮತ್ತೆ ಮತ್ತೆ ಕೇಳದೆ, ಅವಳು ಹೇಳಿದ ಹೆಸರನ್ನು ಬರೆದುಕೊಂಡು, ಮಗುವನ್ನು ತರಗತಿಗೆ ಕಳುಹಿಸಿದರೆ ಅಷ್ಟೇ ಸಾಕು.